ಅಕ್ಕಿಯಲ್ಲಿ ಬರೆದ ಹೆಸರು

ಉಮಾ,

ನಿನ್ನ ಟಿಕೆಟ್ಟಿನಲ್ಲಿ ಹೆಸರು ಬದಲಿಸಲು ಫೋರ್ಟಿನ ಏಜೆಂಟನ ಆಫೀಸಿಗೆ ಹೊರಟಿದ್ದೇನೆ. ಪಾಸ್‌ಪೋರ್ಟಿನಲ್ಲಿ ನೀನು ಶಾಲೆಯ ದಾಖಲೆಯ ಚಂದ್ರಾವತಿ. ನಾನೋ, ಮದುವೆಯಲ್ಲಿ ತಾಟಿನ ಅಕ್ಕಿಯ ಮೇಲೆ ಉಂಗುರದಿಂದ ಬರೆದಿಟ್ಟ ಉಮಾ ಎಂಬ ಹೆಸರನ್ನೇ ಅವನಿಗೆ ಹೇಳಿಬಂದೆ. ಹದಿನಾಲ್ಕು ವರ್ಷದ ರೂಢಿ, ಬೈಯಬೇಡ.

“ಇಬ್ಬರೊಳಗ ಯಾರನ್ನ ಕಳಸ್ತೀರಿ ಈಗ?” ಅಂತ ಬೆಳಿಗ್ಗೆ ಕೇಳಿದೆಯಲ್ಲ, ನಿನ್ನನ್ನೇ ಕಳಿಸುತ್ತೇನೆ. ನಿನ್ನ ತಂಗಿಯ ಹೆರಿಗೆಯ ಹೊತ್ತಿಗೆ ನೀನು ಬಹರೇನಿನಲ್ಲಿರುತ್ತೀ. ಕಣ್ಣೊರೆಸಿಕೊಂಡು ಪೆಟ್ಟಿಗೆ ತುಂಬು. ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ ಡಬ್ಬಿ ಸೀರೆಗಳ ನಡುವೆ ಇರಲಿ. ಊಟಕ್ಕೆ ನನ್ನ ದಾರಿ ಕಾಯಬೇಡ.

ನಾಳೆ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಚಂದ್ರಾವತಿ ಎಂದು ಕರೆದಾಗ ಸುಮ್ಮನೆ ಕೂತುಬಿಟ್ಟೀಯ, ಓಗೊಡು. ತಿರುಗಿ ಬಂದಮೇಲೆ ನಾನು ಏನಂತ ಕರೆಯಲಿ, ನೀನೇ ಹೇಳು. ಅಕ್ಕಿಯಲ್ಲಿ ಬರೆಯುವಾಗ ಕೇಳಿರಲಿಲ್ಲ.