ಟವೆಲ್ಲಿನ ಕೆಳಗೆ ಒಂದು ಚೌಕಾಸಿ

ಜನವರಿ 20, ಸೋಮವಾರ

ಮಾರ್ನಿಂಗ್ ಶಿಫ್ಟ್. ಎಂಟು ಡ್ರೆಸ್ಸಿಂಗ್, ಮೂರು ಡಿಸ್ಚಾರ್ಜ್, ಒಂದು ಜಗಳ. ಜಗಳ ಊಟದ ಟ್ರಾಲಿಯವನ ಜೊತೆ. ಗೆದ್ದೆ.

ಮಧ್ಯಾಹ್ನ ಹೆಡ್ ಸಿಸ್ಟರ್ ವನಮಾಲಾ ಕರೆದರು. ಸಲಹಾ ಪೆಟ್ಟಿಗೆಯಲ್ಲಿ ಒಂದು ಚೀಟಿ ಸಿಕ್ಕಿದೆ. ‘ವಿನಯಾ ಸಿಸ್ಟರ್ ಒಳ್ಳೆಯವರು. ಆದರೆ ಪ್ರಶ್ನೆ ಕೇಳಿ ಉತ್ತರವನ್ನೂ ಅವರೇ ಹೇಳಿಕೊಂಡು ಹೋಗುತ್ತಾರೆ.’

“ಇದಕ್ಕೆ ಏನು ಹೇಳ್ತೀಯೇ?” ಎಂದರು. ಬಾಯಿ ತೆಗೆದೆ. “ನೀ ಏನು ಹೇಳ್ತೀಯ ಅಂತ ನಂಗೊತ್ತು, ಹೋಗು” ಎಂದು ಕಳಿಸಿದರು. ಆ ಚೀಟಿಯನ್ನು ಅವರ ಬಗ್ಗೆಯೂ ಬರೆಯಬಹುದಿತ್ತು!

ಸಿಟ್ಟು ಬಂದಿದೆ. ಮೂವತ್ತು ಬೆಡ್‌ಗೆ ಇಬ್ಬರು ನರ್ಸು. ಎಲ್ಲರ ಉತ್ತರಕ್ಕೂ ಕಾಯುತ್ತ ನಿಂತರೆ ಬೆಳಗಿನ ಮಾತ್ರೆ ಸಂಜೆಗೆ ಸಿಗುತ್ತದೆ. ತೀರ್ಥಹಳ್ಳಿಯಿಂದ ಅಮ್ಮ ಫೋನ್ ಮಾಡಿದಾಗ ಹೇಳಿಕೊಂಡೆ. “ಸರಿಯಾಗೇ ಬರ್ದಾರೆ” ಎಂದಳು. ಮುಂದೆ ಏನೋ ಹೇಳುತ್ತಿದ್ದಳು, ಇಟ್ಟುಬಿಟ್ಟೆ.

ಜನವರಿ 21, ಮಂಗಳವಾರ, ಸಂಜೆ 5

ಐದನೇ ಬೆಡ್‌ಗೆ ಧರ್ಮಪ್ಪ ಬಂದರು. ಆನಂದಪುರದ ಕಡೆಯವರು. ಅರವತ್ತೈದು ವರ್ಷ. ಕುತ್ತಿಗೆಯಲ್ಲಿ ಮೂಸಂಬಿಯಷ್ಟು ಬೆಳೆದಿದ್ದ ಥೈರಾಯ್ಡ್ ಗಡ್ಡೆಯನ್ನು ಬೆಳಿಗ್ಗೆ ತೆಗೆದಿದ್ದಾರೆ. ಡಾಕ್ಟರ್ ಶ್ರೀಕರ ಅವರ ಕಟ್ಟಪ್ಪಣೆ: ಹದಿನೈದು ದಿನ ಮಾತಿಲ್ಲ, ಪಿಸುಮಾತೂ ಇಲ್ಲ. ಸ್ವರದ ನರ ಬಳಲಿದೆ. ಚೇತರಿಸಿಕೊಳ್ಳಬಹುದು. ಗ್ಯಾರಂಟಿ ಇಲ್ಲ.

ಹೆಂಡತಿ ಕನ್ನಮ್ಮ ನನ್ನನ್ನು ಬದಿಗೆ ಕರೆದರು. “ಫೆಬ್ರವರಿ ಒಂಬತ್ತಕ್ಕೆ ಮೊಮ್ಮಗಳಿಗೆ ಹೆಸರಿಡದು ಸಿಸ್ಟ್ರೇ. ಮೊದ್ಲನೇ ಮೊಮ್ಮಗು. ನಮ್ಮನೇಲಿ ಕಿವೀಲಿ ಹೆಸರು ಹೇಳದು ಅಜ್ಜನೇ. ಮೂರು ಸಲ ಹೇಳಕಾದ್ರೆ ಸಾಕಿತ್ತು, ಮತ್ತೆಂತದೂ ಬ್ಯಾಡ.”

ಧರ್ಮಪ್ಪ ಮಲಗಿದಲ್ಲಿಂದಲೇ ನನ್ನ ಮುಖ ನೋಡುತ್ತಿದ್ದರು. “ಹೇಳ್ತೀರಿ, ಹೇಳೇ ಹೇಳ್ತೀರಿ” ಎಂದೆ. ನನಗೇನು ಗೊತ್ತು? ಬಾಯಿಗೆ ಬಂತು, ಅಂದುಬಿಟ್ಟೆ.

ಜನವರಿ 22, ಬುಧವಾರ, ಬೆಳಿಗ್ಗೆ 11

ನೋವಿನ ಚಾರ್ಟ್ ತೋರಿಸಿದೆ. ಸೊನ್ನೆಯಿಂದ ಹತ್ತು, ನಗುವ ಮುಖದಿಂದ ಅಳುವ ಮುಖದವರೆಗೆ. ಧರ್ಮಪ್ಪ ಗೋಡೆ ಕಡೆ ತಿರುಗಿಕೊಂಡರು. ಅರವತ್ತೈದರ ಗಂಡಸಿಗೆ ಅಳುವ ಗೊಂಬೆ ತೋರಿಸಿದರೆ ಇನ್ನೇನು ಮಾಡಿಯಾರು? ಸ್ಲೇಟು ಕೊಟ್ಟೆ. ಸಹಿ ಬಿಟ್ಟರೆ ಬೇರೆ ಬರೆಯಲು ಬಾರದಂತೆ. ದನದ ಎರಡು ಕೊಂಬು ಬಿಡಿಸಿ ವಾಪಸ್ ಕೊಟ್ಟರು.

“ನೋವಿದ್ಯಾ? ಇಲ್ಲ ಅಲ್ವಾ?”

“ಇಲ್ಲ” — ಹೇಳಿದ್ದು ಕನ್ನಮ್ಮ.

ಆದರೆ ಧರ್ಮಪ್ಪನವರ ಹಣೆ ತುಂಬ ಬೆವರು. ಕೇಸ್ ಶೀಟಿನಲ್ಲಿ ‘ನೋವಿಲ್ಲ’ ಎಂದು ಬರೆಯಲು ಪೆನ್ನು ಏಳಲಿಲ್ಲ.

ಪಕ್ಕದ ಆರನೇ ಬೆಡ್‌ನಲ್ಲಿ ಹೊಸನಗರದ ವೆಂಕಟ್ರಮಣ ಭಟ್ಟರು, ಹರ್ನಿಯಾ ಆಪರೇಷನ್. ನಗಲು ಹೋಗಿ ಹೊಟ್ಟೆ ಹಿಡಿದುಕೊಂಡರು. “ಹಾಂಗೆಲ್ಲ ಕೇಳಿರೆ ಅಂವ ಹೇಳ್ತ್ನಿಲ್ಲೆ. ಧರ್ಮಪ್ಪ ದನದ ದಲ್ಲಾಳಿ ಮಾರಾಯ್ತಿ! ನಲವತ್ತು ವರ್ಷ ಟವೆಲ್ ಅಡಿಗೆ ಬೆರಳು ಹಿಡಿದೇ ರೇಟು ಹೇಳಿದಂವ. ನಾಲ್ಕು ಜನರ ಎದ್ರಿಗೆ ಬಾಯಿಬಿಟ್ಟು ಹೇಳದು ಅವಂಗೆ ಮರ್ಯಾದೆ ಅಲ್ಲ. ಟವೆಲ್ ಹಾಕಿ ಕೇಳು.”

ಪಾಠವೂ ಮಾಡಿದರು. ಒಂದು ಬೆರಳು ಹಿಡಿದರೆ ಒಂದು. ಇಡೀ ಕೈ ಹಿಡಿದರೆ ಐದು. ಆರಕ್ಕೆ ಇಡೀ ಕೈ, ಮತ್ತೆ ಒಂದು ಬೆರಳು. ಕುಲುಕಿದರೆ ವ್ಯಾಪಾರ ಕುದುರಿತು. ಕೈ ಎಳೆದುಕೊಂಡರೆ ಮುರಿಯಿತು. ಡಿಪ್ಲೊಮಾದಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ದಿನ, 11.40

ಟವೆಲ್ ಹಾಕಿದೆ. ಇಡೀ ವಾರ್ಡ್ ನೋಡುತ್ತಿತ್ತು. ಧರ್ಮಪ್ಪ ದಿಂಬಿಗೆ ಒರಗಿ ನೆಟ್ಟಗೆ ಕುಳಿತರು. ಕಣ್ಣು ಬಾಗಿಲ ಕಡೆ, ಏನೂ ನಡೆಯುತ್ತಿಲ್ಲ ಎನ್ನುವ ಹಾಗೆ. ಒಳಗಿನಿಂದ ನನ್ನ ಎರಡು ಬೆರಳು ಹಿಡಿದರು.

ಎರಡು! ಅಷ್ಟೇನಾ? ಏಳಲು ಹೊರಟೆ.

“ನಂಬಡ!” ಭಟ್ಟರು ಕೂಗಿದರು. “ಮೊದ್ಲು ಹೇಳಿದ ರೇಟು ಯಾವತ್ತೂ ನಿಜ ಅಲ್ಲ. ಎಂಗಳ ಮನೆಗೆ ಆಕಳು ಕೊಡ್ಸಿದಾಗ್ಲೂ ಹಾಂಗೇ. ಏರ್ಸು, ಏರ್ಸು.”

ಎಂಟು ಹಿಡಿದೆ. ಕೈ ಎಳೆದುಕೊಂಡರು. ಕಾದೆ. ಮತ್ತೆ ಬಂತು ಕೈ. ಮೂರು. ಏಳು ಹಿಡಿದೆ. ನಾಲ್ಕು. ಸುಮ್ಮನೆ ಕುಳಿತೆ. ಇಡೀ ಕೈ ಹಿಡಿದರು... ನಿಲ್ಲಿಸಿದರು... ಮೆಲ್ಲಗೆ ಇನ್ನೊಂದು ಬೆರಳು. ಆರು. ಈ ಸಲ ಕಣ್ಣು ಬಾಗಿಲು ಬಿಟ್ಟು ನನ್ನ ಕಡೆ ತಿರುಗಿತ್ತು. ಕುಲುಕಿದೆ.

ಇಂಜೆಕ್ಷನ್ ಕೊಟ್ಟೆ. ಅರ್ಧ ಗಂಟೆಯಲ್ಲಿ ಗೊರಕೆ. ಶೀಟಿನಲ್ಲಿ 6 ಎಂದು ಬರೆದೆ, ಅದು ಹೇಗೆ ಬಂತೆಂದು ಬರೆಯಲಿಲ್ಲ. ಆಮೇಲೆ ಹೊಳೆಯಿತು — ಹತ್ತು ನಿಮಿಷ ನಾನು ಒಂದು ಮಾತೂ ಆಡಿರಲಿಲ್ಲ. ನಾನು!

ಜನವರಿ 23, ಗುರುವಾರ, ಮಧ್ಯಾಹ್ನ 3.40

ಈಗಷ್ಟೇ ಎಲ್ಲ ಮುಗಿಯಿತು. ಬರೆದುಬಿಡುತ್ತೇನೆ.

ಎರಡೂವರೆಗೆ ಟವೆಲ್ ಹಾಕಿದೆ. ಧರ್ಮಪ್ಪ ಯಾವ ಬೆರಳನ್ನೂ ಹಿಡಿಯಲಿಲ್ಲ. ಕೈ ಎಳೆದುಕೊಂಡರು. ಕನ್ನಮ್ಮ ಹೇಳಿದರು, “ನಿದ್ದೆ ಬಂದಿರಬಕು, ಬಿಡಿ.” ಹಿಂದಿನ ವಾರವಾಗಿದ್ದರೆ “ನೋವಿಲ್ಲ ಅಲ್ವಾ, ಸರಿ” ಎಂದು ಆರನೇ ಬೆಡ್‌ಗೆ ಹೋಗಿರುತ್ತಿದ್ದೆ. ಆ ಚೀಟಿ ನೆನಪಾಯಿತು. ಕೈ ಹಾಗೇ ಇಟ್ಟುಕೊಂಡು ಕಾದೆ.

ಅವರ ಕೈ ತಡಕಾಡುತ್ತ ಬಂತು. ಹಿಡಿಯಲು ನೋಡಿದರು, ಆಗಲಿಲ್ಲ. ಬೆರಳೆಲ್ಲ ಒಳಕ್ಕೆ ಸೆಟೆದುಕೊಂಡಿವೆ. ಹೆಬ್ಬೆರಳು ಅಂಗೈಗೆ ಅಂಟಿದೆ. ಬಿಡಿಸಿದರೂ ಬಿಡದು. ಅವರು ವ್ಯಾಪಾರ ಮುರಿದಿರಲಿಲ್ಲ, ಅವರಿಗೆ ಬೆರಳೇ ಬರುತ್ತಿರಲಿಲ್ಲ! ತುಟಿಯ ಸುತ್ತ ಜುಮು ಜುಮು ಎಂದು ಇನ್ನೊಂದು ಕೈಯಲ್ಲಿ ತೋರಿಸಿದರು. ಕಣ್ಣಿನಲ್ಲಿ ಹೆದರಿಕೆ.

ಥೈರಾಯ್ಡ್ ತೆಗೆದವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೀಗಾಗುತ್ತದೆ. ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ. ಕೈಯಲ್ಲಿ ಹಿಡಿದಿರಲಿಲ್ಲ. ಓಡಿದೆ. ಡಾಕ್ಟರ್ ಬಂದರು, ಮಾನಿಟರ್ ಹಚ್ಚಿ ನಿಧಾನವಾಗಿ ಕ್ಯಾಲ್ಸಿಯಂ ಏರಿಸಿದರು. ಭಟ್ಟರು ಕಣ್ಣು ಮುಚ್ಚಿ ಏನೋ ಮಂತ್ರ. ಇಪ್ಪತ್ತು ನಿಮಿಷ... ಬೆರಳು ಒಂದೊಂದಾಗಿ ಬಿಚ್ಚಿದವು.

“ಇನ್ನು ತಡ ಮಾಡಿದ್ರೆ ಫಿಟ್ಸ್ ಬರ್ತಿತ್ತು. ಹೇಗೆ ಗೊತ್ತಾಯ್ತು?” ಎಂದರು ಡಾಕ್ಟರ್.

“ರೇಟು ಕುದುರಲಿಲ್ಲ ಸರ್.”

ಅವರಿಗೆ ತಲೆಬುಡ ತಿಳಿಯಲಿಲ್ಲ. ನಾನು ಬೆಡ್‌ಶೀಟ್ ಇಡುವ ಕೋಣೆಗೆ ಹೋಗಿ ಅತ್ತೆ. ಹೆದರಿಕೆ ಅರ್ಧ, ಖುಷಿ ಅರ್ಧ.

ಜನವರಿ 24, ಶುಕ್ರವಾರ

ವನಮಾಲಾ ಸಿಸ್ಟರ್: “ಟವೆಲ್ ಒಳಗೆ ಪೇಷೆಂಟ್ ಕೈ ಹಿಡ್ಕೊಂಡು ಕೂರೋದು ಯಾವ ಪ್ರೊಸೀಜರೇ?” ಎಲ್ಲ ಹೇಳಿದೆ. ಹ್ಞೂಂ ಎಂದರು, ಅಷ್ಟೇ. ಮಧ್ಯಾಹ್ನ ನೋಡಿದರೆ ಒಂಬತ್ತನೇ ಬೆಡ್ ಹತ್ತಿರ ಸ್ಟೂಲ್ ಹಾಕಿಕೊಂಡು, ಟವೆಲ್ ಹಾಸಿಕೊಂಡು ಕುಳಿತಿದ್ದಾರೆ! ಆ ಮನುಷ್ಯ ರಿಟೈರ್ಡ್ ಮೇಷ್ಟ್ರು. ಗಾಬರಿಯಿಂದ ಬಾಗಿಲು ನೋಡುತ್ತಿದ್ದರು.

ಜನವರಿ 28, ಮಂಗಳವಾರ

ಧರ್ಮಪ್ಪ ಡಿಸ್ಚಾರ್ಜ್. ಇವತ್ತಿನ ನೋವು ಒಂದು. ಚೌಕಾಸಿ ಮಾಡಿ ಒಂದೂವರೆಗೆ ತಂದೆ. ಸ್ವರದ ಸುದ್ದಿ ಆರನೇ ತಾರೀಖು ಚೆಕಪ್‌ಗೆ ಬಂದಾಗಲೇ. ಹೋಗುವಾಗ ಕಿವಿ ಮುಟ್ಟಿ, ಮೂರು ಬೆರಳು ತೋರಿಸಿ, ಹುಬ್ಬು ಏರಿಸಿದರು.

ಈ ಸಲ “ಹೇಳೇ ಹೇಳ್ತೀರಿ” ಎನ್ನಲಿಲ್ಲ. “ಗೊತ್ತಿಲ್ಲ. ಆದ್ರೆ ನಂಗೂ ಆಸೆ ಇದೆ” ಎಂದೆ.

ಐದನೇ ಬೆಡ್ ಖಾಲಿ. ಭಟ್ಟರಿಗೆ ಬೇಸರ, ನನಗೂ.

ಫೆಬ್ರವರಿ 6, ಗುರುವಾರ

ಬಂತು!! ಡಾಕ್ಟರ್ “ಆ ಅನ್ನಿ” ಎಂದರು. ಮೊದಲು ಬರೀ ಗಾಳಿ. ಎರಡನೇ ಸಲ ನೂಲಿನಷ್ಟು ಸಣ್ಣ ಸ್ವರ. ಕನ್ನಮ್ಮ ಅಲ್ಲೇ ಕುಳಿತುಬಿಟ್ಟರು. ದಿನಕ್ಕೆ ನಾಲ್ಕೈದು ಮಾತು ಆಡಬಹುದು, ಮೆಲ್ಲಗೆ. ಕೂಗುವಂತಿಲ್ಲ.

“ಭಾನುವಾರ ಬರ್ಲೇಬಕು” ಎಂದರು ಕನ್ನಮ್ಮ. ಡ್ಯೂಟಿ ಬದಲಾಯಿಸಿಕೊಂಡೆ.

ಫೆಬ್ರವರಿ 9, ಭಾನುವಾರ, ಸಂಜೆ 6

ಆನಂದಪುರದಿಂದ ಈಗಷ್ಟೇ ಬಂದೆ. ಹೊಟ್ಟೆ ತುಂಬ ಹೋಳಿಗೆ.

ಧರ್ಮಪ್ಪನ ಮಗಳು ಬಿಂದು ತೊಟ್ಟಿಲ ಹತ್ತಿರ ಮಗು ಎತ್ತಿಕೊಂಡಿದ್ದಳು. ಧರ್ಮಪ್ಪ ಬಗ್ಗಿದರು. ಒಂದು ಸಲ, ಎರಡು ಸಲ, ಮೂರು ಸಲ. ನಮಗೆ ಕಂಡಿದ್ದು ತುಟಿ ಮಾತ್ರ. ಮಗು ಮಾತ್ರ ಕೇಳಿಸಿಕೊಂಡಿತು, ಕಣ್ಣು ಪಿಳಿಪಿಳಿ ಬಿಟ್ಟಿತು.

“ಹೆಸರು ಎಂತದು? ಜೋರಾಗಿ ಹೇಳಿ!” ಸುತ್ತ ಗಲಾಟೆ. ಅಜ್ಜನೇ ಎಲ್ಲರಿಗೂ ಹೇಳಬೇಕಂತೆ, ಪದ್ಧತಿ. ಅವರು ಹೇಗೆ ಕೂಗಿಯಾರು? ಬಿಂದು ಬಾಯಿ ತೆಗೆದಳು, ಅವರು ಬೇಡವೆಂದು ತಲೆಯಾಡಿಸಿದರು. ನನ್ನನ್ನು ಕರೆದರು.

ನನ್ನನ್ನು!

ಕಿವಿ ಕೊಟ್ಟೆ. “ಗಾ...” ಎಂದರು. ಅಷ್ಟಕ್ಕೇ ಅವರ ಉಸಿರು ಸಾಲದಾಯಿತು. ಹಳೆಯ ವಿನಯಾ ಆಗಿದ್ದರೆ ಗಾಯತ್ರಿ ಎಂದು ಕೂಗಿ ಮುಗಿಸುತ್ತಿದ್ದಳು. ನಾಲಗೆ ಕಚ್ಚಿಕೊಂಡೆ. ಕಾದೆ. “...ನ...” ಮತ್ತೆ ಉಸಿರು. “...ವಿ.” ಪೂರ್ತಿ ಮುಗಿಯಿತೆಂದು ಅವರು ತಲೆಯಾಡಿಸಿದ ಮೇಲೆಯೇ ತಿರುಗಿದೆ.

“ಗಾನವಿ!” ಎಂದು ಕೂಗಿದೆ. ಮಗು ಬೆಚ್ಚಿ ಅತ್ತಿತು, ಎಲ್ಲರೂ ನಕ್ಕರು. ನನಗೆ ಕಣ್ಣು ಮಂಜಾಯಿತು. ಬ್ರೇಕ್ ಇಲ್ಲದ ನನ್ನ ಬಾಯಿಯನ್ನು ಒಬ್ಬರು ಕೇಳಿ ಕಡ ತೆಗೆದುಕೊಂಡರಲ್ಲ!

ಬಸ್ಸಿಗೆ ಹೊರಟಾಗ ಧರ್ಮಪ್ಪ ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಕಿದರು. ಕಣ್ಣು ಬೀದಿ ಕಡೆ. ಇಡೀ ಕೈ ಹಿಡಿದರು. ಬಿಟ್ಟು, ಮತ್ತೆ ಇಡೀ ಕೈ. ಹತ್ತು. ಮೊದಲ ರೇಟೇ ಹತ್ತು! ಯಾವುದಕ್ಕೆಂದು ಕೇಳಲಿಲ್ಲ. ಚೌಕಾಸಿಯೂ ಮಾಡಲಿಲ್ಲ. ಕುಲುಕಿದೆ.

ಅಮ್ಮನ ಫೋನ್ ಬರುತ್ತಿದೆ. ಇವತ್ತು ಅವಳು ಹೇಳಿ ಮುಗಿಸುವವರೆಗೂ ನಾನು—