ಶಾಲೆಯ ಲೆಕ್ಕದ ಅವಳಿಗಳು

ಭಾಗ್ಯನಗರ, ಕೊಪ್ಪಳ
7 ಡಿಸೆಂಬರ್ 2025, ಭಾನುವಾರ

ಪ್ರೀತಿಯ ಅವ್ವಾ,

ಹೇಗಿದ್ದೀ? ಭತ್ತದ ಧೂಳಿಗೆ ನಿನ್ನ ಕೆಮ್ಮು ಏಳುತ್ತದೆ, ಮೂಗಿಗೆ ಸೆರಗು ಕಟ್ಟಿಕೊಳ್ಳದೆ ಕೆಲಸಕ್ಕೆ ನಿಲ್ಲಬೇಡ. ಮಾವನ ಊರು ಮರಳಿಯ ರಸ್ತೆಯ ಮೇಲೆ ಭತ್ತ ಒಣಗಲು ಹರವಿ, ಅದನ್ನು ತಿರುವಲು ಬರಿಗಾಲಲ್ಲಿ ಗೆರೆ ಎಳೆಯುತ್ತ ಮಧ್ಯಾಹ್ನವೆಲ್ಲ ಬಿಸಿಲಲ್ಲೇ ತಿರುಗುತ್ತೀ ಎಂದು ಮುಬಾಶಿರಾ ಹೇಳಿದಳು. ಹಿಮ್ಮಡಿ ಒಡೆದಿರಬೇಕು. ಪತ್ರದ ಜೊತೆ ಮುಲಾಮು ಕಳಿಸಿದ್ದೇನೆ, ಕಾಲು ತೊಳೆದು ಹಚ್ಚಿಕೋ. ನಾನು ಆರಾಮಿದ್ದೇನೆ. ಕಾಲೇಜಿಗೆ ಹೋಗುತ್ತೇನೆ, ಬರುತ್ತೇನೆ. ಒಬ್ಬಳಿಗೇ ರೊಟ್ಟಿ ಬಡಿಯಲು ಮನಸ್ಸಾಗದೆ ಅನ್ನ ಇಟ್ಟುಕೊಳ್ಳುತ್ತೇನೆ. ನಿನ್ನ ತುಳಸಿ ಒಣಗಿಲ್ಲ.

ಫೋನ್ ಮಾಡಿದರೆ ತಿಮ್ಮಣ್ಣ ಮಾವನೇ ಎತ್ತುತ್ತಾನೆ. ಹಗಲು ಮಾಡಿದರೆ "ನಿಮ್ಮವ್ವ ಕೆಲಸಕ್ಕ ಹೋಗ್ಯಾಳ", ಸಂಜೆ ಮಾಡಿದರೆ "ದಣದಾಳ, ಮಲಗ್ಯಾಳ". ಅದಕ್ಕೇ ಈ ಪತ್ರ. ಮುಬಾಶಿರಾ ಇದನ್ನು ಮಾವನ ಮನೆಯಲ್ಲಿ ಅಲ್ಲ, ಭತ್ತದ ರಾಶಿಯ ಪಕ್ಕದಲ್ಲಿ ಕೂತು ನಿನಗೆ ಓದಿ ಹೇಳುತ್ತಾಳೆ. ಮುಬಾಶಿರಾ, ಸಾವಕಾಶ ಓದವ್ವ. ಅವ್ವ ಎದ್ದು ಹೋಗಲು ನೋಡಿದರೆ ಸೆರಗು ಹಿಡಿದು ಕೂರಿಸು. ನಡುವೆ ನಿನ್ನ ಸುದ್ದಿಯೂ ಬರುತ್ತದೆ, ನಾಚಿಕೊಂಡು ಹಾರಿಸಬೇಡ.

ತಮ್ಮ ಸುಭಾಷನನ್ನು ನಿನ್ನೆ ಜೈಲಿನಲ್ಲಿ ನೋಡಿ ಬಂದೆ. ಊಟ ಮಾಡುತ್ತಾನಂತೆ. ಮೀಸೆ ಸ್ವಲ್ಪ ದಟ್ಟವಾಗಿದೆ, ಮುಖ ಮಾತ್ರ ಸಣ್ಣದಾಗಿದೆ. ವೆಲ್ಡಿಂಗ್ ಅಂಗಡಿಯ ಮಕ್ಬುಲಸಾಬರು ಕೊಟ್ಟ ಶೇಂಗಾ ಚಿಕ್ಕಿಯನ್ನು ಒಳಗೆ ಬಿಡಲಿಲ್ಲ, ವಾಪಸ್ ತಂದೆ. ನಿನ್ನ ಬಗ್ಗೆ ಅವನು ಹೇಳಿದ್ದನ್ನು ಆಮೇಲೆ ಬರೆಯುತ್ತೇನೆ. ಮೊದಮೊದಲು ಅಲ್ಲಿಂದ ಬಂದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಈಗ ಬಂದು ಕೈಕಾಲು ತೊಳೆದು ಉಣ್ಣುತ್ತೇನೆ. ಅಳುವೂ ಬರುವುದಿಲ್ಲ, ಸಿಟ್ಟೂ ಬರುವುದಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿ ನೋಡುತ್ತೇವಲ್ಲ, ಹಾಗೆ ನನ್ನನ್ನೇ ಒಮ್ಮೊಮ್ಮೆ ಚಿವುಟಿ ನೋಡುತ್ತೇನೆ.

ಗುರುವಾರ ಕೊಪ್ಪಳದ ಕೋರ್ಟಿನಲ್ಲಿ ಅವನ ವಯಸ್ಸಿನ ವಿಚಾರಣೆ ಇದೆ. ಅವ್ವಾ, ನೀನು ಬರಬೇಕು. ಹೇಳಬೇಕಾದದ್ದನ್ನು ವಕೀಲ ಮೇಡಂ ನನಗೆ ಮೊದಲಿನಿಂದ ಹೇಳಿಕೊಟ್ಟಿದ್ದಾರೆ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಕೋರ್ಟಿನಲ್ಲಿ ನಿಂತರೆ ಗೊತ್ತಿರುವುದೇ ಮರೆತುಹೋಗುತ್ತದಂತೆ.

ನಾನು ಗಂಗಾವತಿಯ ಆಸ್ಪತ್ರೆಯಲ್ಲಿ ಹುಟ್ಟಿದವಳು. ಸುಭಾಷ ಹುಟ್ಟಿದ್ದು ಮರುವರ್ಷ, ದೀಪಾವಳಿ ಮುಗಿದ ವಾರ, ಮರಳಿಯಲ್ಲಿ, ಗೌಸಬೀ ಅಜ್ಜಿಯ ಕೈಯಲ್ಲಿ. ಊರಿಗೆಲ್ಲ ಹೆರಿಗೆ ಮಾಡಿಸುವ ಅಜ್ಜಿಯ ಸ್ವಂತ ಸೊಸೆಗೇ ಅದೇ ವಾರ ಕಷ್ಟವಾಗಿ, ಗಂಗಾವತಿಗೆ ಒಯ್ದು ಆಪರೇಷನ್ ಮಾಡಿಸಬೇಕಾಯಿತು. ಆ ಕೂಸೇ ಈಗ ನಿನ್ನ ಮುಂದೆ ಕೂತು ಓದುತ್ತಿರುವ ಮುಬಾಶಿರಾ. ಅವಳ ತಾಯಿಗೆ ಹಾಲು ಬರಲಿಲ್ಲವೆಂದು ಎರಡೂ ಕೂಸುಗಳಿಗೆ ನೀನೇ ಹಾಲು ಕೊಟ್ಟೆ. ಹಾಗಾಗಿ ಸುಭಾಷನ ವಯಸ್ಸು ಮುಬಾಶಿರಾಳ ವಯಸ್ಸೇ. ಅವಳದ್ದು ಆಸ್ಪತ್ರೆಯಲ್ಲಿ ದಾಖಲಾಗಿದೆ, ಇವನದ್ದು ಎಲ್ಲೂ ಆಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ನೀನು ಇಲ್ಲಿ ಭಾಗ್ಯನಗರದಲ್ಲಿ ವಿಗ್ ಮಾಡಲು ತಂದ ಕೂದಲಿನ ಸಿಕ್ಕು ಬಿಡಿಸುವ ಕೆಲಸಕ್ಕೆ ಸೇರಿದೆ. ಅಲ್ಲಿ ಮಕ್ಕಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಅಂಗನವಾಡಿಯವರು ಸಂಜೆವರೆಗೆ ನೋಡಿಕೊಳ್ಳುತ್ತಿರಲಿಲ್ಲ. ನನ್ನನ್ನು ಒಂದನೇ ತರಗತಿಗೆ ಹಾಕಲು ಹೋದ ದಿನ ಅವನನ್ನೂ ಕಂಕುಳಲ್ಲಿ ಎತ್ತಿಕೊಂಡು ಹೋದೆ. ಹೆಡ್ಮಾಸ್ತರರು, "ಈ ಹುಡುಗ ಭಾಳ ಸಣ್ಣದೈತಲ್ಲಬೇ" ಎಂದರು. ನೀನು ಹೆದರಲಿಲ್ಲ. "ಸಣ್ಣಾಂವ ಎಲ್ಲ್ಯದಾನ್ರಿ ಸರ? ಇಬ್ರೂ ಕೂಡೇ ಹುಟ್ಟ್ಯಾರ್ರಿ. ಇಂವ ಉಣ್ಣೂದ ಕಡಿಮಿ, ಬೆಳದಿಲ್ಲ" ಎಂದೆ. ಅವರು ನಕ್ಕು ಇಬ್ಬರ ಹೆಸರಿನ ಮುಂದೂ ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ತರಗತಿಯ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಅಂದಿನಿಂದ ನಾವು ಅವಳಿ. ಅವನು ಚಡ್ಡಿ ಒದ್ದೆ ಮಾಡಿಕೊಂಡರೆ ಟೀಚರು ನನ್ನನ್ನು ಕೂಗುತ್ತಿದ್ದರು: "ಏ ಸುರೇಖಾ, ಬಾ ಇಲ್ಲಿ, ನಿನ್ನ ಜೋಡಿ ಹುಟ್ಟಿದ ಸರದಾರ ಏನ್ ಮಾಡ್ಯಾನ ನೋಡು. ಅವಳಿ ಅಂತ ಇವ್ರು! ಒಂದು ಆಕಳ, ಒಂದು ಕರ." ಊಟದ ಗಂಟೆಗೆ ನನ್ನ ತಟ್ಟೆಯ ಪಕ್ಕ ಅವನ ತಟ್ಟೆ ಇರುತ್ತಿತ್ತು. ನಿನಗೆ ಬೇಕಾಗಿದ್ದು ಅಷ್ಟೇ. ಮಗ ಹಸಿದಿರಬಾರದು, ಅಕ್ಕನ ಕಣ್ಣೆದುರು ಇರಬೇಕು. ಇದರಲ್ಲಿ ನಿನ್ನ ಮಹಾಪರಾಧ ಏನೂ ಇಲ್ಲ.

ಇನ್ನು ಫೆಬ್ರವರಿಯ ಮಾತು. ಸುಭಾಷ ಇಷ್ಟಪಟ್ಟ ನೇತ್ರಾವತಿಗೆ ಅವಳಪ್ಪ ಯಲಬುರ್ಗಾದ ಕಡೆಯ ಸಂಬಂಧ ನೋಡಿ ಬಂದಿದ್ದ. ವರನಿಗೆ ಮೂವತ್ತು ದಾಟಿತ್ತು. ಇವಳು ಇನ್ನೂ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಎಲೆ ಅಡಿಕೆ ಬದಲಾಗುವಾಗ ಹುಡುಗಿಯ ವಯಸ್ಸನ್ನು ಯಾರೂ ಕೇಳಲಿಲ್ಲ. ಅವಳು ಸುಭಾಷನನ್ನು ಕರೆದುಕೊಂಡು ಹೇಮಗುಡ್ಡಕ್ಕೆ ಹೋದಳು. ಗುಡ್ಡದ ಕೆಳಗೆ, ಯಾರಿಗೂ ತಿಳಿಯದಂತೆ, ಅರಿಶಿನದ ದಾರ ಕಟ್ಟಿಸಿಕೊಂಡಳು. ಇಬ್ಬರೂ ಕುಷ್ಟಗಿಯಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಉಳಿದರು. ಆಗ ಅವಳಪ್ಪನಿಗೆ ಮಗಳಿಗೆ ಹದಿನೆಂಟು ತುಂಬಿಲ್ಲ ಎಂಬುದು ನೆನಪಾಯಿತು. ಮಗಳನ್ನು ಅಪಹರಿಸಿದ್ದಾನೆ ಎಂದು ದೂರು ಕೊಟ್ಟ. ಅದರ ಜೊತೆಗೆ ಮಕ್ಕಳ ಮೇಲಿನ ದೌರ್ಜನ್ಯದ ಪೋಕ್ಸೋ ಕಲಮುಗಳೂ ಬಿದ್ದವು.

ಪೊಲೀಸರು ನಮ್ಮ ಬಾಗಿಲಿಗೆ ಬಂದು ವಯಸ್ಸು ಕೇಳಿದಾಗ ನೀನು ಒಳಗಿನಿಂದ ಅವನ ಹತ್ತನೇ ತರಗತಿಯ ಅಂಕಪಟ್ಟಿ ತಂದು ಕೊಟ್ಟೆ. "ಹದಿನೆಂಟು ತುಂಬ್ಯಾವ್ರಿ ನನ್ನ ಮಗಗ. ತಿಳವಳಿಕಿ ಬಂದಾಂವ ಅದಾನ. ಮನಸಾರೆ ಕಟ್ಟಿಕೊಂಡಾನ, ತಪ್ಪೇನೈತ್ರಿ ಸಾಹೇಬ್ರ?" ಎಂದೆ. ಗೋಡೆಯ ಮೇಲೆಲ್ಲ ಮದುವೆಗೆ ಹದಿನೆಂಟು, ಹದಿನೆಂಟು ಎಂದು ಬರೆದಿರುವುದನ್ನು ನೋಡಿದವಳು ನೀನು. ಹದಿನೆಂಟಾದರೆ ಮಗ ಬಚಾವಾಗುತ್ತಾನೆ ಎಂದುಕೊಂಡೆ. ಯಾವ ತಾಯಿಯಾದರೂ ಹಾಗೆಯೇ ಅಂದುಕೊಳ್ಳುತ್ತಾಳೆ. ಜೀಪು ಹತ್ತುವಾಗ ಅವನು ತಿರುಗಿ, "ಯವ್ವಾ, ಯಾಕ ಹೇಳ್ದಿ?" ಎಂದ. ಅದಾದ ವಾರದಲ್ಲಿ ನೀನು ಬಟ್ಟೆ ಗಂಟು ಕಟ್ಟಿಕೊಂಡು ಮರಳಿಗೆ ಹೋದವಳು ಈ ಹೊಸ್ತಿಲು ತುಳಿದಿಲ್ಲ.

ನಿಜವಾದ ಲೆಕ್ಕ ಹಿಡಿದರೆ ನೇತ್ರಾವತಿ ಸುಭಾಷನಿಗಿಂತ ಮೂರು ತಿಂಗಳಿಗೆ ದೊಡ್ಡವಳು. ಇಬ್ಬರಿಗೂ ಆಗ ಹದಿನೇಳು. ಕೋರ್ಟಿನ ಲೆಕ್ಕದಲ್ಲಿ ಅವಳು ಮಗು, ಅವನು ದೊಡ್ಡ ಗಂಡಸು. ಕಳೆದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದ್ದಳು. ಓದು ಬಿಡಿಸಿದ್ದಾರೆ. ಯಲಬುರ್ಗಾದವರೂ ಬೇಡವೆಂದಿದ್ದಾರೆ. ಸುತ್ತ ನೋಡಿ ನನ್ನ ಕೈ ಹಿಡಿದು, "ಅಕ್ಕಾ, ಅಂವ ನನ್ನ ಓಡಿಸಿಕೊಂಡು ಹೋಗ್ಯಾನ ಅಂತಾರ. ನಾನ ಅವನ್ನ ಕರಕೊಂಡು ಹೋದಾಕಿ. ಹೆಣ್ಮಕ್ಕಳಿಗೆ ಬಸ್ ಪುಕ್ಕಟ, ಅವನ ಟಿಕೀಟೂ ನಾನ ತಗಸೀನಿ. ಸಾಹೇಬ್ರ ಮುಂದ ಇದನ್ನ ಹೇಳೀನಿ. ಬರಕೊಂಡ್ರು, ಆದ್ರ ಅದು ಲೆಕ್ಕಕ್ಕ ಬರಂಗಿಲ್ಲಂತ" ಎಂದಳು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಅವ್ವಾ, ನಾನು ಓದುವ ಸಣ್ಣ ಪುಸ್ತಕಗಳಿಗೆ ನೀನು ಸುರೇಖಾಳ ಚೀಟಿ ಅನ್ನುತ್ತಿದ್ದೆ. ಸಂತೆಯಲ್ಲಿ, ಸಭೆಗಳ ಬಾಗಿಲಲ್ಲಿ, ಕಾನೂನು ನೆರವಿನವರ ಮೇಜಿನ ಮೇಲೆ ಸಿಕ್ಕಿದ್ದನ್ನೆಲ್ಲ ತಂದು ಓದಿದವಳು ನಾನು. ನಮ್ಮ ಹಿಂದಿನ ಓಣಿಯ ಸಣ್ಣ ಹುಡುಗಿಗೆ ನೆಂಟನೇ ಅನ್ಯಾಯ ಮಾಡಿದಾಗ ಇದೇ ಪೋಕ್ಸೋ ಕಾನೂನಿನ ಕರಪತ್ರವನ್ನು ಮನೆಮನೆಗೆ ಹಂಚಿದ್ದೆ. ಹಿರಿಯರೆಲ್ಲ ಸೇರಿ ಮುಚ್ಚಿಹಾಕಲು ನೋಡಿದ್ದರು. ಆ ಮನುಷ್ಯ ಇವತ್ತು ಒಳಗಿರುವುದು ಈ ಕಾನೂನಿನಿಂದಲೇ. ಆದ್ದರಿಂದ ಇದು ಬೇಡ ಎಂದು ನಾನು ಇಂದಿಗೂ ಹೇಳಲಾರೆ. ಆ ಹುಡುಗಿಯ ಮುಖ ನೋಡಿದ ಯಾರೂ ಹೇಳಲಾರರು. ಆದರೆ ಆ ಮನುಷ್ಯನಿಗೆ ಹಾಕಿದ ಕಲಮನ್ನೇ ಹದಿನೇಳರ ಹುಡುಗಿಯ ಜೊತೆ ಬಸ್ಸು ಹತ್ತಿದ ಹದಿನೇಳರ ಹುಡುಗನಿಗೂ ಹಾಕುವುದು ನ್ಯಾಯವಲ್ಲ. ಎಳೆಯರನ್ನು ಕಾಯಲು ಬೇಲಿ ಬೇಕು. ಬೇಲಿಯೊಳಗೆ ಇಬ್ಬರೂ ಎಳೆಯರೇ ಇದ್ದಾಗ ಒಬ್ಬರನ್ನು ಕಳ್ಳ ಎಂದು ಹೊರಗೆ ಎಳೆಯುವುದೇಕೆ? ಹಿಂದೆ ಇಂಥದ್ದನ್ನು ನಾನು ಮೇಜು ಕುಟ್ಟಿ ಹೇಳುತ್ತಿದ್ದೆ. ಈಗ ಕುಟ್ಟಲು ಕೈ ಏಳುವುದಿಲ್ಲ. ಮಾತು ನಿಜ ಅನ್ನುವುದು ಮಾತ್ರ ಗೊತ್ತಿದೆ.

ಗುರುವಾರ ಏನಾಗುತ್ತದೆ ಎಂಬುದನ್ನು ತಿಳಿದುಕೋ. ಶಾಲೆಯ ದಾಖಲೆಯೇ ಗಟ್ಟಿಯಾದರೆ ಅವನು ದೊಡ್ಡವನು. ಅಪರಾಧಿ ಎಂದಾದರೆ ಕನಿಷ್ಠ ಹತ್ತು ವರ್ಷ. ಹೊರಬಂದ ಮೇಲೂ ಆ ಹೆಸರು ಅವನ ಬೆನ್ನಿಗೇ ಇರುತ್ತದೆ. ಎಲ್ಲಿ ಕೆಲಸ ಕೇಳಿದರೂ ಪೊಲೀಸರ ಪರಿಶೀಲನೆಯಲ್ಲಿ ಅದೇ ಮೊದಲು ಬರುತ್ತದೆ. ದಾಖಲೆ ಸುಳ್ಳು ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಫೆಬ್ರವರಿಯ ಲೆಕ್ಕಕ್ಕೆ ಅವನು ಬಾಲಕ, ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅದೇನೂ ಹೂವಿನ ದಾರಿಯಲ್ಲ. ಹದಿನಾರು ದಾಟಿದವರನ್ನು ದೊಡ್ಡವರಂತೆ ವಿಚಾರಿಸಲು ಅಲ್ಲಿಯೂ ಅವಕಾಶವಿದೆ. ಆದರೆ ಮೊದಲು ಅವನ ಮನಸ್ಸು, ನಡೆದ ಸಂದರ್ಭ ಎಲ್ಲವನ್ನೂ ನೋಡಬೇಕು. ಬಾಲಕನೆಂದೇ ತೀರ್ಮಾನವಾದರೆ ಕೊನೆಗೆ ಆ ದಾಖಲೆಗಳನ್ನು ನಾಶ ಮಾಡಬೇಕು, ಮುಂದಿನ ಬದುಕಿಗೆ ಅದು ಅಡ್ಡಿಯಾಗಬಾರದು ಎಂದು ಕಾನೂನೇ ಹೇಳುತ್ತದೆ. ಆ ಸಾಲನ್ನು ಓದಿ ಪುಸ್ತಕ ಮುಚ್ಚಿದೆ. ಅವನನ್ನು ಜೀಪು ಹತ್ತಿಸಿದ ದಿನ ಎಲ್ಲರ ಮೊಬೈಲಿನಲ್ಲಿ ಅವನ ಮುಖದ ವಿಡಿಯೊ ಓಡಾಡಿತ್ತು. ಅದನ್ನು ಯಾವ ಕಾನೂನು ಅಳಿಸುತ್ತದೆ? ಇಷ್ಟೆಲ್ಲದರ ನಡುವೆ ಒಂದು ಬಾಗಿಲು ಮಾತ್ರ ತೆರೆದಿದೆ. ಮಕ್ಬುಲಸಾಬರು ಮೊನ್ನೆ ಗಿರಾಕಿಗಳ ಎದುರೇ ಹೇಳಿದರು: "ಬರ್ಲಿ ಬಿಡವ್ವ ಅಂವ. ನನ್ನ ಅಂಗಡ್ಯಾಗಿನ ಕಬ್ಬಿಣ ಯಾರ ಕೇಸೂ ಕೇಳಂಗಿಲ್ಲ."

ನಾವು ಅವಳಿಗಳಲ್ಲ ಎಂಬುದಕ್ಕೆ ನನ್ನ ಜನನ ಪತ್ರವಿದೆ, ಅದರಲ್ಲಿ ಕೂಸು ಒಂದೇ. ಗೌಸಬೀ ಅಜ್ಜಿ ಸಾಕ್ಷಿಗೆ ತಯಾರಿದ್ದಾಳೆ. ಹಲ್ಲಿಲ್ಲದ ಬಾಯಲ್ಲಿ ಏನು ಹೇಳಿದಳು ಗೊತ್ತೇ? "ನಾ ಬರ್ತೀನಿ, ದೇವರ ಮ್ಯಾಲೆ ಆಣಿ ಮಾಡಿ ಹೇಳ್ತೀನಿ. ಆದ್ರ ಹಡದಾಕಿ ಮನ್ಯಾಗ ಕುಂತು, ಹಡಿಸಿದಾಕಿ ಕೋರ್ಟಿಗೆ ಹೋದ್ರ ಜಡ್ಜಸಾಹೇಬ್ರು ನಗಂಗಿಲ್ಲೇನ?" ಶಾಲೆಯಲ್ಲಿ ವಯಸ್ಸು ಬರೆಸಿದವಳು ನೀನು. ಅದು ತಪ್ಪು ಎಂದು ನೀನೇ ಹೇಳಬೇಕು, ನಿನ್ನ ಬದಲು ಬೇರೆ ಯಾರೂ ಹೇಳಲಾರರು. ಆ ಕಡೆಯ ವಕೀಲರು, ಆಗ ಸುಳ್ಳು ಹೇಳಿದವಳು ಈಗ ನಿಜ ಹೇಳುತ್ತೀಯಾ ಎಂದು ಕೇಳಿಯೇ ಕೇಳುತ್ತಾರೆ. ತಲೆ ತಗ್ಗಿಸಬೇಡ. ಯಾಕೆ ಹಾಗೆ ಬರೆಸಿದೆ ಎಂಬುದನ್ನು ಹೇಳು. ಕೂದಲು ಬಿಡಿಸುವ ಕೆಲಸ, ಸಂಜೆಗೆ ಮೊದಲೇ ಮುಚ್ಚುವ ಅಂಗನವಾಡಿ, ಊಟದ ತಟ್ಟೆ, ಎಲ್ಲವನ್ನೂ ಹೇಳು. ಒಪ್ಪಿಕೊಂಡರೆ ನಿನ್ನನ್ನೂ ಒಳಗೆ ಹಾಕುತ್ತಾರೆ ಎಂದು ಮಾವ ಹೆದರಿಸಿದ್ದಾನೆ. ಅವನು ಕೆಟ್ಟವನಲ್ಲ, ಅಕ್ಕನ ಮೇಲಿನ ಜೀವಕ್ಕೆ ಹಾಗೆ ಹೇಳುತ್ತಾನೆ. ಹಾಗೇನೂ ಆಗುವುದಿಲ್ಲ ಎಂದು ವಕೀಲ ಮೇಡಂ ನನಗೆ ಎರಡೆರಡು ಸಲ ಹೇಳಿದ್ದಾರೆ.

ಮಾವನಿಗೆ ನನ್ನ ನಮಸ್ಕಾರ. ಗೌಸಬೀ ಅಜ್ಜಿಯ ಕಾಲು ಮುಟ್ಟಿದೆನೆಂದು ಹೇಳು. ಮುಬಾಶಿರಾ, ಗಂಟಲು ಒಣಗಿರಬೇಕು, ನೀರು ಕುಡಿ, ಇನ್ನು ಸ್ವಲ್ಪವೇ ಉಳಿದಿದೆ. ಅವ್ವಾ, ನಿನ್ನ ಕೈ ನನ್ನ ತಲೆಯ ಮೇಲಿರಲಿ. ಇಲ್ಲಿಗೆ ಬಂದೇ ಇಡು.

ನಿನ್ನ ಮಗಳು,
ಸುರೇಖಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಪತ್ರ ಒಯ್ಯುವ ಬಸ್ಸಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸುಭಾಷ ನಿನ್ನ ಮೇಲೆ ಸಿಟ್ಟಾಗಿಲ್ಲ. ಮಾವ ಹೋದ ವಾರ ಜೈಲಿಗೆ ಹೋಗಿ ಅವನಿಗೂ ಅದನ್ನೇ ಹೇಳಿದ್ದಾನೆ, ನಿಮ್ಮವ್ವ ಕೋರ್ಟಿಗೆ ಬಂದರೆ ಅವಳನ್ನೂ ಹಿಡಿಯುತ್ತಾರೆ ಎಂದು. ನಿನ್ನೆ ಜಾಲರಿಯ ಆ ಕಡೆಯಿಂದ ಅವನು, "ಅವ್ವನ್ನ ಕರಕೊಂಡು ಬರಬ್ಯಾಡ. ನನಗ ಹದಿನೆಂಟು ತುಂಬಿದ್ದವು ಅಂತ ನಾನ ಒಪ್ಪಿ ಹೇಳ್ತೀನಿ. ಅಕಿ ಹೇಳಿದ ಮಾತು ಸುಳ್ಳಾಗೂದು ಬ್ಯಾಡ" ಎಂದ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅವನಿಗೆ ಸಿಟ್ಟು ಎಂದು ನೀನು ಬರುತ್ತಿಲ್ಲ, ನೀನು ಸಿಕ್ಕಿಬೀಳುತ್ತೀ ಎಂದು ಅವನು ಬೇಡ ಅನ್ನುತ್ತಿದ್ದಾನೆ. ಬುಧವಾರ ಮಧ್ಯಾಹ್ನ ನಾನೇ ಮರಳಿಗೆ ಬರುತ್ತೇನೆ. ಗೌಸಬೀ ಅಜ್ಜಿ ಬುರ್ಖಾ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಾಳಂತೆ, ನೀನೂ ಅವಳ ಪಕ್ಕ ಕೂತಿರು. ಗುರುವಾರ ಅವನು ತಾನು ದೊಡ್ಡವನು ಅನ್ನುವ ಮೊದಲೇ ನೀನು ಅಲ್ಲಿ ನಿಂತಿರಬೇಕು. ನಿನ್ನನ್ನು ಕಂಡರೆ ಅವನ ಬಾಯಿಂದ ಆ ಮಾತು ಬರುವುದಿಲ್ಲ, ಅವ್ವಾ.