ತಲೆದಿಂಬಿನ ಕೆಳಗಿದ್ದ ಪುಸ್ತಕ

ಬುಖಾರಾ, ಗುರುವಾರ

ಸಲೋಮತ್ ಅಕ್ಕಾ, ಸಲಾಮು.

ಬರೆಯೋಕೆ ತ್ರಾಣ ಇಲ್ಲ, ಫೋನಿಗೆ ಹೇಳ್ತಿದ್ದೀನಿ. ಪತ್ರ ಅಂತಲೇ ತಿಳ್ಕೊ.

ಹಾಸಿಗೆ ಹಿಡಿದಿರೋ ಅಮ್ಮನ ತಲೆದಿಂಬಿನ ಕೆಳಗೆ ಪೀರರ ಪುಸ್ತಕ ಇತ್ತಲ್ಲ, ಅಮ್ಮನ ನಂತರ ನಿನಗೆ ಸೇರಬೇಕಾದ್ದು, ಅದನ್ನ ಕೊಟ್ಟುಬಿಟ್ಟೆ. ಆ ಹಳೇ ಅರಬಿ ಅಕ್ಷರ ಅಪ್ಪನಿಗೂ ಬರ್ತಿರಲಿಲ್ಲ, ನಮಗೂ ಬರಲ್ಲ. ಮುತ್ತಿಟ್ಟು, ಹಣೆಗೊತ್ತಿಕೊಂಡು, ಬಟ್ಟೆ ಸುತ್ತಿಡೋದೇ ನಮ್ಮ ಓದು. ಹೋದ ವಾರ ಅಮ್ಮನ್ನ ನೋಡೋಕೆ ಬಂದ ಹೊಸ ಇಮಾಮರು, ಮೊದಲ ಪುಟದಲ್ಲಿ ಪೀರರೇ ಬರೆದಿದ್ದನ್ನ ಓದಿ ಹೇಳಿದರು: "ಓದಲಾರದವನು ಇದನ್ನು ಓದಬಲ್ಲವನಿಗೆ ಕೊಡಲಿ. ಕಟ್ಟಿಟ್ಟ ಮನೆಯಲ್ಲಿ ನಾನಿರುವುದಿಲ್ಲ."

ಪಕ್ಕದ್ಮನೆ ಹಮ್ರೊ ಅಜ್ಜಿ ಬಿದ್ದು ಬಿದ್ದು ನಕ್ಕಳು. "ಇಷ್ಟು ವರ್ಷ ಪೀರರನ್ನೇ ಗಂಟು ಕಟ್ಟಿಟ್ಟಿದ್ರಲ್ಲೋ ನುಸ್ರತ್!"

ಅವಳ ಮೊಮ್ಮಗಳಿಗೆ ಆ ಅಕ್ಷರ ಬರುತ್ತೆ. ಕೊಟ್ಟೆ. ಅಮ್ಮನಿಗೆ ಏನು ಹೇಳೋದು ಅಂತ ಎರಡು ದಿನ ಒದ್ದಾಡಿದೆ. ಮೂರನೇ ದಿನ ಅಮ್ಮನೇ ದಿಂಬಿನ ಕೆಳಗೆ ಕೈಯಾಡಿಸಿದಳು.

"ಯಾರಿಗೆ ಕೊಟ್ಟೆಯೋ?"

"ಪಕ್ಕದ್ಮನೆ ಹುಡುಗಿಗಮ್ಮಾ, ಓದೋಕೆ."

"ಗಟ್ಟಿಯಾಗಿ ಓದು ಅನ್ನು. ನಡುವಿನ ಗೋಡೆ ತೆಳ್ಳಗಿದೆ."

ಈಗ ದಿನಾ ಸಂಜೆ ಮಂಚನ ಆ ಗೋಡೆ ಹತ್ರ ಎಳೀಬೇಕು. ಒಬ್ಬನ ಕೈಲಿ ಆಗ್ತಿಲ್ಲಕ್ಕಾ, ಸೊಂಟ ಹಿಡ್ಕೊಂಡಿದೆ. ಬಂದ್ಬಿಡು. ಬಯ್ಯೋದಿದ್ರೆ ಮಂಚದ ಆ ತುದಿ ಹಿಡ್ಕೊಂಡೇ ಬಯ್ಯಿ.

ನಿನ್ನ ತಮ್ಮ,
ನುಸ್ರತ್